ದೀಪವಿಲ್ಲದ ಸೈಕಲ್ಲೂ ಸರ್ಕಲ್ಲಿನ ಪೊಲೀಸಪ್ಪನೂ

ಸೈಕಲ್ಲಿಗೂ ಲೈಸೆನ್ಸು ಇತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಇತ್ತು. ವರ್ಷಕ್ಕೊಮ್ಮೆ ಮುನಿಸಿಪಾಲಿಟಿಗೆ ಹೋಗಿ, ಸಾಲಿನಲ್ಲಿ ನಿಂತು, ಚಿಲ್ಲರೆ ಕಾಸು ಕಟ್ಟಿ, ರಸೀದಿಯ ಜೊತೆ ಒಂದು ಬಿಲ್ಲೆ ತರಬೇಕಿತ್ತು. ತಗಡಿನ ಬಿಲ್ಲೆ. ಅದರ ಮೇಲೆ ಊರಿನ ಹೆಸರು, ಇಸವಿ, ನಂಬರು ಒತ್ತಿರುತ್ತಿದ್ದರು. ಒಂದು ವರ್ಷ ದುಂಡಗೆ, ಇನ್ನೊಂದು ವರ್ಷ ಮೊಟ್ಟೆಯಾಕಾರ, ಮತ್ತೊಂದು ವರ್ಷ ಮೂರು ಮೂಲೆ. ಹೋದ ವರ್ಷದ ಬಿಲ್ಲೆ ಕಟ್ಟಿಕೊಂಡು ಓಡಾಡುವವನು ದೂರದಿಂದಲೇ ಸಿಕ್ಕಿಬೀಳಲಿ ಅಂತ ಯಾರೋ ತಲೆ ಓಡಿಸಿದ್ದರು. ಆಗ ರೇಡಿಯೋಗೆ ಲೈಸೆನ್ಸು, ಸಾಕಿದ ನಾಯಿಗೂ ಬಿಲ್ಲೆ. ಸೈಕಲ್ಲೊಂದನ್ನು ಬಿಟ್ಟಾರೆಯೇ? ಸಂವಿಧಾನದ ಏಳನೇ ಅನುಸೂಚಿಯನ್ನು ತೆರೆದು ನೋಡಿ. ರಾಜ್ಯಪಟ್ಟಿಯ 57ನೇ ಬಾಬಿನಲ್ಲಿ ಯಂತ್ರದಿಂದ ಓಡುವ ವಾಹನಕ್ಕೂ, ಯಂತ್ರವಿಲ್ಲದೆ ಓಡುವ ವಾಹನಕ್ಕೂ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದ್ದಾರೆ. ಸೈಕಲ್ ತುಳಿಯುವವನ ಹೆಸರನ್ನು ಅಲ್ಲಿ ಬರೆದಿಲ್ಲ, ಆದರೆ ಅವನನ್ನು ಮರೆತೂ ಇಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಲ್ಲೆಯ ಚೆಕ್ಕಿಂಗು ಶುರುವಾಗುತ್ತಿತ್ತು. ಮುನಿಸಿಪಾಲಿಟಿಯ ಖಾಕಿ ಕೋಟಿನವರು ಸಿನಿಮಾ ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲೋ ಮಾರ್ಕೆಟ್ಟಿನ ಬಾಯಲ್ಲೋ ನಿಂತು ಹ್ಯಾಂಡಲ್ಲಿನ ಕೆಳಗೆ ಬಗ್ಗಿ ನೋಡುವರು. ಬಿಲ್ಲೆ ಇಲ್ಲದ ಸೈಕಲ್ಲು ಲಾರಿಯ ಪಾಲು. ಬಿಲ್ಲೆ ಕದಿಯುವ ಕಳ್ಳರೂ ಇದ್ದರು. ಸೈಕಲ್ಲನ್ನು ಮುಟ್ಟುವುದಿಲ್ಲ, ಬಿಲ್ಲೆಯನ್ನು ಮಾತ್ರ ಬಿಚ್ಚಿಕೊಂಡು ಹೋಗುವರು! ಅದಕ್ಕೇ ನಮ್ಮ ಮೈಸೂರಿನ ಶಿವರಾಂಪೇಟೆಯ ಸೈಕಲ್ ಶಾಪಿನಲ್ಲಿ ತಿರುಪು ಹಾಕಿಸದೆ ರಿವಿಟ್ಟೇ ಹೊಡಿಸುತ್ತಿದ್ದೆವು. ಮುಂದಿನ ವರ್ಷ ಅದನ್ನು ಕೀಳುವಾಗ ಹ್ಯಾಂಡಲ್ಲಿನ ಬಣ್ಣ ಕಿತ್ತುಬರುವುದು. ಅಪ್ಪನ ಮುಖವೂ ಕಪ್ಪಿಡುವುದು. ಯಾಕೆಂದರೆ ಆ ಸೈಕಲ್ಲು ಅಪ್ಪನದು, ಅವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಬೆಲೆಯದು.

ಅರವತ್ತರ ದಶಕದ ಕೊನೆ, ಎಪ್ಪತ್ತರ ಮೊದಲು. ನಾವು ನಾಲ್ವರು ಗೆಳೆಯರು, ಮನೆ ಅಗ್ರಹಾರದ ಆಸುಪಾಸು, ಓದುವುದು ಯುವರಾಜ ಕಾಲೇಜಿನಲ್ಲಿ. ಅವರ ನಿಜವಾದ ಹೆಸರು ಈಗ ಬೇಡ, ಅಡ್ಡಹೆಸರು ಸಾಕು. ಒಬ್ಬ ಉದ್ದ. ಅವನ ಮೊಣಕಾಲು ಹ್ಯಾಂಡಲ್ಲಿಗೆ ತಗುಲುತ್ತಿತ್ತು. ಇನ್ನೊಬ್ಬ ಡೈನಮೋ, ನಮ್ಮಲ್ಲಿ ಮೊದಲು ಡೈನಮೋ ಹಾಕಿಸಿದವನು. ಮೂರನೆಯವನು ಲಾಯರು. ಎಂಟನೇ ಕ್ಲಾಸಿನಿಂದಲೇ ಮೇಷ್ಟರ ಜೊತೆ ವಾದ ಮಾಡಿ ಈ ಹೆಸರು ಗಳಿಸಿದ್ದ, ಆಮೇಲೆ ನಿಜಕ್ಕೂ ಕರಿಕೋಟು ಹಾಕಿಕೊಂಡ. ನಾಲ್ವರಿಗೆ ಸೈಕಲ್ಲು ಎರಡು, ಒಮ್ಮೊಮ್ಮೆ ಮೂರು. ಲೆಕ್ಕದಲ್ಲೇ ಅಪರಾಧ ಅಡಗಿತ್ತು ಎನ್ನುವುದು ಇಷ್ಟರಲ್ಲೇ ತಿಳಿದಿರಬೇಕು.

ನಮ್ಮ ಪಾಲಿಗೆ ಕಾನೂನು ಎಂದರೆ ನಾಲ್ಕೇ ಮಾತು. ಎಡಗಡೆ ಹೋಗು, ಕತ್ತಲಾದರೆ ದೀಪ ಹಚ್ಚು, ಬೆಲ್ಲೂ ಬ್ರೇಕೂ ಸರಿಯಿರಲಿ, ಒಬ್ಬನೇ ಕೂರು. ಪುಸ್ತಕದಲ್ಲಿ ಓದಿದ್ದಲ್ಲ. ಸೈಕಲ್ ಕಲಿಯುವಾಗಲೇ ಕಿವಿಗೆ ಬಿದ್ದದ್ದು. ಗಂಟೆಗೆ ನಾಲ್ಕಾಣೆ ಬಾಡಿಗೆಯ ದೊಡ್ಡ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಾ ಕಲಿತವರು ನಾವು. ಹಿಂದೆ ಓಡಿಬರುತ್ತಿದ್ದ ಅಣ್ಣಂದಿರು "ಎಡಕ್ಕೆ ಎಡಕ್ಕೆ" ಎಂದು ಕೂಗುತ್ತಿದ್ದರು. ಬಲಕ್ಕೆ ತಿರುಗುವಾಗ ಬಲಗೈ ಚಾಚಬೇಕೆಂದು ಹೇಳಿಕೊಟ್ಟವರೂ ಅವರೇ. ಕೈ ಚಾಚಿದರೆ ಹ್ಯಾಂಡಲ್ಲು ಅಲುಗಾಡುವುದು, ಚಾಚದಿದ್ದರೆ ಹಿಂದಿನ ಟಾಂಗಾದವನು ನಮ್ಮ ಅಪ್ಪ ಅಮ್ಮನನ್ನೆಲ್ಲ ನೆನೆಯುವನು.

ಎಲ್ಲಕ್ಕಿಂತ ಕಾಡಿದ್ದು ದೀಪ. ಮೊದಲು ಸೀಮೆಎಣ್ಣೆಯ ದೀಪ. ಹ್ಯಾಂಡಲ್ಲಿನ ಮುಂದಿನ ಕೊಕ್ಕೆಗೆ ಸಿಕ್ಕಿಸುವ ಕರಿಯ ಡಬ್ಬಿ, ಮುಂದುಗಡೆ ದಪ್ಪ ಗಾಜು, ಪಕ್ಕದಲ್ಲಿ ಕೆಂಪು ಹಸಿರು ಗಾಜಿನ ಚಿಕ್ಕ ಕಣ್ಣುಗಳು. ರಸ್ತೆಯಲ್ಲೊಂದು ಗುಂಡಿ ಸಿಕ್ಕಿದರೆ ಬತ್ತಿ ಪುಸಕ್ಕೆಂದು ಆರುವುದು. ಹೊತ್ತಿಸಲು ಕಡ್ಡಿಪೆಟ್ಟಿಗೆ ಬೇಕು. ಕಡ್ಡಿಪೆಟ್ಟಿಗೆ ಜೇಬಿನಲ್ಲಿದ್ದರೆ ಮನೆಯಲ್ಲಿ ಬೀಡಿಯ ವಿಚಾರಣೆ. ಹೀಗಾಗಿ ದೀಪ ಇದ್ದರೂ ಹೊತ್ತಿಸದೆ ಹೋಗುವುದೇ ರೂಢಿ. ಸರ್ಕಲ್ಲಿನಲ್ಲಿ ತಡೆದರೆ ಊರಿಗೆಲ್ಲ ಒಂದೇ ಉತ್ತರ: "ಈಗ್ತಾನೇ ಆರೋಯ್ತು ಸಾರ್." ನಮ್ಮ ದಾರಿಯಲ್ಲಿ ನಿಲ್ಲುತ್ತಿದ್ದ ಹಿರಿಯ ಪೇದೆಯೊಬ್ಬರು ಈ ಉತ್ತರವನ್ನು ಸಾವಿರ ಸಲ ಕೇಳಿದವರು. ಮಾತೇ ಆಡುತ್ತಿರಲಿಲ್ಲ. ಕೈ ಚಾಚಿ ದೀಪದ ನೆತ್ತಿ ಮುಟ್ಟುತ್ತಿದ್ದರು. ಬಿಸಿಯಿದ್ದರೆ "ಹೋಗು". ತಣ್ಣಗಿದ್ದರೆ "ಇಳಿ".

ಡೈನಮೋ ಬಂದಮೇಲೆ ಈ ನ್ಯಾಯ ಕೆಟ್ಟಿತು. ಡೈನಮೋ ಇರುವುದು ಹಿಂದಿನ ಚಕ್ರಕ್ಕೆ ಒರಗಿಕೊಂಡು. ಟೈರು ತಿರುಗಿದರೆ ಅದರ ಗುಂಡಿ ತಿರುಗಬೇಕು, ಆಗ ಕರೆಂಟು. ಜೋರಾಗಿ ತುಳಿದರೆ ಬೀದಿಯೆಲ್ಲ ಬೆಳಕು, ಮೆಲ್ಲಗೆ ತುಳಿದರೆ ಬರೀ ಕೆಂಡ, ನಿಂತರೆ ಪೂರ್ತಿ ಕತ್ತಲು. ಇನ್ನು ಪೊಲೀಸಪ್ಪ ಕೈ ತೋರಿಸಿದ ಅಂತ ನಿಂತಿರೋ, ಅಲ್ಲಿಗೆ ದೀಪವಿಲ್ಲದ ಸೈಕಲ್ಲಾಯಿತು. ನಮ್ಮ ಡೈನಮೋ ಮೊದಲ ಸಲ ಸಿಕ್ಕಿಬಿದ್ದ ದಿನದ ಸಂಭಾಷಣೆ ನಮಗೆಲ್ಲ ಬಾಯಿಪಾಠ.

"ಎಲ್ಲಪ್ಪಾ ಲೈಟು?"

"ಇದೆ ಸಾರ್. ನಿಂತ್ರೆ ಆರೋಗುತ್ತೆ, ಓಡಿದ್ರೆ ಹತ್ಕೊಳುತ್ತೆ."

"ಹಂಗೋ? ಎಲ್ಲಿ, ಓಡ್ಸಿ ತೋರ್ಸು ನೋಡಾಣ."

ಅವನು ಓಡಿಸಿ ತೋರಿಸಿದ. ಎಷ್ಟು ಚೆನ್ನಾಗಿ ತೋರಿಸಿದನೆಂದರೆ ಚಾಮುಂಡಿಪುರಂ ತಲುಪುವವರೆಗೂ ನಿಲ್ಲಲಿಲ್ಲ. ಆದರೆ ಆ ಪೇದೆ ಎರಡನೇ ಸಲ ಮೋಸಹೋಗುವ ಆಸಾಮಿಯಲ್ಲ. ಮುಂದೆ ಡೈನಮೋ ಸೈಕಲ್ಲು ಬಂದರೆ ಹಿಂದಿನ ಸ್ಟ್ಯಾಂಡು ಹಾಕಿಸುವರು, ತಾವೇ ಬಗ್ಗಿ ಪೆಡಲನ್ನು ಕೈಯಿಂದ ಗರಗರ ತಿರುಗಿಸುವರು, ದೀಪ ಹತ್ತಿತೋ ಸರಿ. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ಸಂಜೆಯೆಲ್ಲ ಹುಡುಗರ ಸೈಕಲ್ಲಿನ ಪೆಡಲು ತಿರುಗಿಸಿದ ಆ ಮನುಷ್ಯನನ್ನು ನೆನೆದರೆ ಈಗ ನಗುವಿನ ಜೊತೆ ಇನ್ನೇನೋ ಬರುತ್ತದೆ.

ಲಾಯರು ಅವರೊಂದಿಗೆ ಒಂದು ಮೊಕದ್ದಮೆಯನ್ನೇ ಹೂಡಿದ್ದ. ಮೈಸೂರಿಗೆ ಬೀದಿದೀಪ ಬಂದದ್ದು 1908ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಇಡೀ ದೇಶದಲ್ಲಿ ನಮ್ಮೂರಿನ ಬೀದಿಯಷ್ಟು ಬೆಳಕಾದ ಬೀದಿ ಎಷ್ಟಿವೆ? ಇಂಥ ಬೀದಿಯಲ್ಲಿ ಸೈಕಲ್ಲಿಗೆ ದೀಪ ಯಾಕೆ? ಗುಂಡಿ ಕಾಣುತ್ತದೆ, ಹಸು ಕಾಣುತ್ತದೆ, ನೀವೂ ಕಾಣುತ್ತೀರಿ. ಕಾನೂನು ಮಾಡಿದವನು ಹಳ್ಳಿಯವನಿರಬೇಕು. ಇಷ್ಟು ಹೊತ್ತೂ ಸುಮ್ಮನೆ ಕೇಳಿ ಆ ಪೇದೆ ಹೇಳಿದ್ದು ಇಷ್ಟು: "ದೀಪ ನಿಂಗೆ ಕಾಣ್ಲಿ ಅಂತಲ್ಲ ಕಣಪ್ಪಾ. ನೀನು ಕಾಣ್ಲಿ ಅಂತ." ಲಾಯರಿಗೆ ಬಾಯಿ ಕಟ್ಟಿದ್ದನ್ನು ನಾವು ನೋಡಿದ್ದು ಅದೇ ಮೊದಲು. ವಕೀಲನಾದ ಮೇಲೂ ಅಂಥ ಒಂದು ತೀರ್ಪು ತನಗೆ ಸಿಕ್ಕಿಲ್ಲ ಎನ್ನುತ್ತಾನೆ.

ಡಬಲ್ ರೈಡಿಂಗಿನ ವಿಷಯಕ್ಕೆ ಬಂದರೆ ಕಾನೂನಿನ ಕಾರಣ ಆಗ ತಿಳಿಯುತ್ತಿರಲಿಲ್ಲ, ಈಗ ತಿಳಿಯುತ್ತದೆ. ಆ ಕಾಲದ ರ‍್ಯಾಲಿ, ಹರ್ಕ್ಯುಲಿಸ್, ಅಟ್ಲಾಸ್ ಯಾವುದಾದರೂ ಇರಲಿ, ಬ್ರೇಕು ಕಂಬಿಯದು. ಹಿಡಿ ಒತ್ತಿದರೆ ಕಬ್ಬಿಣದ ಕಂಬಿಗಳು ಒಂದನ್ನೊಂದು ಎಳೆದು ರಬ್ಬರಿನ ಕಟ್ಟೆಯನ್ನು ರಿಮ್ಮಿಗೆ ಒತ್ತುವವು. ಒಬ್ಬನ ಭಾರಕ್ಕೆ ಸರಿ. ಇಬ್ಬರಿದ್ದು ಇಳಿಜಾರಾದರೆ ಸೈಕಲ್ಲು ಯೋಚಿಸಿ ನಿಲ್ಲುವುದು. ಜೊತೆಗೆ ಮಳೆಯೂ ಬಂದು ರಿಮ್ಮು ಒದ್ದೆಯಾಗಿದ್ದರೆ ಯೋಚಿಸುವುದೂ ಇಲ್ಲ. ಆಗ ಚಪ್ಪಲಿಯೇ ಬ್ರೇಕು. ಬಾಟಾ ಅಂಗಡಿಯವರಿಗೆ ನಾವು ಕೊಟ್ಟ ಲಾಭದಲ್ಲಿ ಅರ್ಧ ಡಬಲ್ ರೈಡಿಂಗಿನದು.

ಡಬಲ್ ಹೋಗುವುದಕ್ಕೆ ಒಂದು ಶಾಸ್ತ್ರವಿತ್ತು. ಕ್ಯಾರಿಯರಿನ ಮೇಲೆ ಕೂತವನ ಕೆಲಸ ದೂರದಲ್ಲಿ ಖಾಕಿ ಕಾಣುತ್ತದೆಯೇ ನೋಡುವುದು. ರಾಮಸ್ವಾಮಿ ಸರ್ಕಲ್ಲಿಗೆ ಇನ್ನೂ ನೂರು ಮಾರು ಇರುವಾಗಲೇ ಅವನು ಸದ್ದಿಲ್ಲದೆ ಜಿಗಿಯಬೇಕು. ಜಿಗಿದವನು ಓಡಬಾರದು. ಪುಸ್ತಕವನ್ನು ಎದೆಗೊತ್ತಿಕೊಂಡು, ಮೈಸೂರು ಚಲೋ ಚಳವಳಿಯ ಕಾಲದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರಿನ ಆ ವೃತ್ತವನ್ನು ದೇಶದ ಚಿಂತೆಯಲ್ಲಿರುವವನ ಹಾಗೆ ನಿಧಾನವಾಗಿ ದಾಟಬೇಕು. ಓಡಿಸುವವನು ಅವನನ್ನು ಈ ಜನ್ಮದಲ್ಲಿ ಕಂಡಿಲ್ಲ ಎಂಬಂತೆ ಮುಂದೆ ಹೋಗಿ, ಮರದ ಮರೆಯಲ್ಲಿ ಕಾಯಬೇಕು. ಉದ್ದನಿಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಅವನ ಕಾಲು ಹೇಗೂ ನೆಲಕ್ಕೆ ತಾಗುತ್ತಿದ್ದುದರಿಂದ ಅವನು ಜಿಗಿಯುತ್ತಲೇ ಇರಲಿಲ್ಲ. ಸುಮ್ಮನೆ ನಿಂತುಬಿಡುವನು, ಸೈಕಲ್ಲು ಅವನ ಕೆಳಗಿನಿಂದ ಜಾರಿಹೋಗುವುದು. ಹೆಚ್ಚು ಸಲ ಸಿಕ್ಕಿಬಿದ್ದವನೂ ಅವನೇ.

ಸಿಕ್ಕಿಬಿದ್ದರೆ ಆಗುತ್ತಿದ್ದುದೇನು? ಚೀಟಿಯಿಲ್ಲ, ರಸೀದಿಯಿಲ್ಲ. ಪೇದೆ ಬಗ್ಗಿ ವಾಲ್ವಿನ ತಿರುಪು ಬಿಚ್ಚುವರು. ಒಳಗಿನ ಪಿನ್ನನ್ನು ರಬ್ಬರಿನ ವಾಲ್‌ಟ್ಯೂಬಿನ ಸಮೇತ ಎಳೆದರೆ ಗಾಳಿ ಒಂದೇ ಉಸಿರಿಗೆ ಹೊರಗೆ. ಪಿನ್ನು ಅವರ ಜೇಬಿಗೆ. ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ಆ ಜೇಬು ಗಲಗಲ ಎನ್ನುತ್ತಿತ್ತು. ಕೆಲವರು ಎರಡೂ ಚಕ್ರದ್ದು ಕೀಳುವರು, ಮನಸ್ಸು ಚೆನ್ನಾಗಿದ್ದರೆ ಒಂದರದ್ದೇ. ಸೈಕಲ್ಲನ್ನು ತಳ್ಳಿಕೊಂಡು ಹತ್ತಿರದ ಶಾಪಿಗೆ ಹೋದರೆ ಅಲ್ಲಿಯವನು ಬಾಣಲೆಯ ನೀರಿನಲ್ಲಿ ಮುಳುಗಿಸಿದ ಟ್ಯೂಬಿನಿಂದ ತಲೆಯೆತ್ತದೆಯೇ ಕೇಳುವನು: "ಸರ್ಕಲ್ಲಾ?" ಹೌದು ಎನ್ನುವಷ್ಟರಲ್ಲಿ ಹೊಸ ಪಿನ್ನು ಕೈಯಲ್ಲಿ. ಪೇದೆಗೂ ಶಾಪಿನವನಿಗೂ ಪಾಲುಗಾರಿಕೆ ಇದೆ, ನಮ್ಮ ಪಿನ್ನನ್ನೇ ನಮಗೆ ಮಾರುತ್ತಾರೆ ಎಂಬುದು ಲಾಯರಿನ ಆರೋಪ. ಸಾಬೀತಾಗಲಿಲ್ಲ. ಆಮೇಲೆ ನಾವೆಲ್ಲ ಜಾಮಿಟ್ರಿ ಬಾಕ್ಸಿನಲ್ಲಿ ಒಂದೊಂದು ಪಿನ್ನು ಇಟ್ಟುಕೊಳ್ಳತೊಡಗಿದೆವು. ಪಂಪು ಮಾತ್ರ ಎಲ್ಲಿಂದ ತರುವುದು?

ಹೆದರುತ್ತಿದ್ದುದು ಮೊಬೈಲ್ ಕೋರ್ಟಿಗೆ. ಯಾವತ್ತು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಮುಸ್ಸಂಜೆ ಹೊತ್ತಿಗೆ ರಸ್ತೆಯ ಬದಿ ಒಂದು ವ್ಯಾನು, ಒಂದು ಮೇಜು, ಒಂದು ಕುರ್ಚಿ, ಕುರ್ಚಿಯಲ್ಲಿ ಮ್ಯಾಜಿಸ್ಟ್ರೇಟರು. ಸುತ್ತ ದೀಪವಿಲ್ಲದ ಸೈಕಲ್ಲುಗಳ ಸಂತೆ. ಗುಮಾಸ್ತರು ಕೂಗುವರು, ಮ್ಯಾಜಿಸ್ಟ್ರೇಟರು ಕೇಳುವರು, "ತಪ್ಪು ಒಪ್ತೀಯೇನಪ್ಪಾ?" ಒಪ್ಪಿದರೆ ದಂಡ ಕಟ್ಟಿ ಮನೆಗೆ. ಎಲ್ಲರೂ ಒಪ್ಪುವರು. ನಮ್ಮವನೊಬ್ಬ "ಇಲ್ಲ ಸ್ವಾಮಿ, ವಿಚಾರಣೆ ಆಗ್ಲಿ" ಎಂದ. ಯಾರೆಂದು ಹೇಳಬೇಕಿಲ್ಲ. ಮ್ಯಾಜಿಸ್ಟ್ರೇಟರು ಕನ್ನಡಕ ಸರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಆಗ್ಲಿ, ಮುಂದಿನ ತಿಂಗಳು ಕೋರ್ಟಿಗೆ ಬಾ, ಬರುವಾಗ ನಿಮ್ಮ ತಂದೇನ ಕರ್ಕೊಂಡು ಬಾ" ಎಂದರು. ತಂದೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಆರೋಪಿ ತಪ್ಪೊಪ್ಪಿಕೊಂಡ. ದಂಡದ ದುಡ್ಡು ನಾವು ನಾಲ್ವರೂ ಜೇಬು ಕೊಡವಿ ಕೂಡಿಸಿದ್ದು. ಆ ವಾರ ಮೈಲಾರಿಯ ದೋಸೆ ತಪ್ಪಿತು.

ಉದ್ದನ ಅಕ್ಕ ಮಹಾರಾಣಿ ಕಾಲೇಜಿಗೆ ಲೇಡೀಸ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಹಿಂದಿನ ಚಕ್ರಕ್ಕೆ ದಾರದ ಬಲೆ, ಚೈನಿಗೆ ಪೂರ್ತಿ ಕವಚ, ಸೀರೆ ಸಿಕ್ಕಬಾರದೆಂದು. ಬೀದಿಯ ಕೊನೆಯ ಮನೆಯ ಅಜ್ಜಿಯಿಂದ ಹಿಡಿದು ಎದುರುಮನೆಯ ಶಾನುಭೋಗರವರೆಗೆ ಎಲ್ಲರಿಗೂ ಅದರ ಬಗ್ಗೆ ಒಂದೊಂದು ಅಭಿಪ್ರಾಯ. ಅಕ್ಕನಿಗೆ ಒಂದೇ: "ಬಸ್ಸಿಗೆ ಕಾಯೋರು ಕಾಯ್ಲಿ." ನಾವು ನಾಲ್ವರಲ್ಲಿ ಯಾರಿಗೂ ಬಾರದ ಶಿಸ್ತು ಅವರದು. ದೀಪ ಸದಾ ಉರಿಯುವುದು, ತಿರುವಿನಲ್ಲಿ ಕೈ ನೇರ ಚಾಚುವುದು, ಬಿಲ್ಲೆ ಏಪ್ರಿಲ್ ಮೊದಲ ವಾರವೇ ಬರುವುದು. "ನಾನು ಒಂದು ಸಲ ಸಿಕ್ಕಿಬಿದ್ರೆ ಇವರೆಲ್ಲಾ ನಾಳೆಯಿಂದ ನನ್ನ ಸೈಕಲ್ ಮೂಲೆಗೆ ಸೇರಿಸ್ತಾರೆ ಕಣ್ರೋ" ಎನ್ನುತ್ತಿದ್ದರು. ನಮಗೆ ಕಾನೂನು ಆಟ. ಅಕ್ಕನಿಗೆ ಅದು ರಕ್ಷೆಯ ದಾರ. ಹದಿಹರೆಯದ ನಮಗೆ ಅದೆಲ್ಲಿ ತಿಳಿಯಬೇಕು, "ಅಕ್ಕ ಪುಕ್ಕಲು" ಎಂದು ಆಡಿಕೊಳ್ಳುತ್ತಿದ್ದೆವು.

ನೆನಪು ಸಿಹಿಯಾಗಿದೆ ಎಂದಮಾತ್ರಕ್ಕೆ ಎಲ್ಲರಿಗೂ ಸಿಹಿಯಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಬೆಳಗಿನ ಜಾವ ಇಲವಾಲದ ಕಡೆಯಿಂದ, ವರುಣದ ಕಡೆಯಿಂದ ಸೈಕಲ್ಲುಗಳು ಊರೊಳಗೆ ಬರುತ್ತಿದ್ದವು. ಎರಡೂ ಪಕ್ಕ ಹಾಲಿನ ಕ್ಯಾನು, ಇಲ್ಲವೆ ಕ್ಯಾರಿಯರಿನ ಮೇಲೆ ಆಳೆತ್ತರದ ಸೌದೆ ಹೊರೆ, ಬಾಳೆಗೊನೆ, ಹುಲ್ಲು. ಅವರಿಗೂ ಇದೇ ಕಾನೂನು. ಆದರೆ ಪಂಚೆ ಎತ್ತಿಕಟ್ಟಿದವನ ಸೈಕಲ್ಲಿನ ವಾಲ್ವು ಕೀಳುವಾಗ ಪೊಲೀಸಪ್ಪನ ಬಾಯಿಂದ ಬರುತ್ತಿದ್ದ ಮಾತು ಬೇರೆ. ಪ್ಯಾಂಟು ಹಾಕಿ "ಸಾರ್" ಎಂದ ನಮಗೆ "ಏನಪ್ಪಾ", ಅವನಿಗೆ "ಲೇ". ಗಾಳಿಯಿಲ್ಲದ ಸೈಕಲ್ಲನ್ನು ಪುಸ್ತಕದ ಜೊತೆ ತಳ್ಳುವುದೂ ಎರಡು ಕ್ಯಾನು ಹಾಲಿನ ಜೊತೆ ತಳ್ಳುವುದೂ ಒಂದೇ ಅಲ್ಲ. ಹೊತ್ತಾದರೆ ಹಾಲು ಒಡೆಯುತ್ತದೆ, ವರ್ತನೆಮನೆಯವರ ಬೈಗುಳ ಬೇರೆ. ಹಾಲಿನವರ ಜೇಬಿನಿಂದ ಪೇದೆಯ ಜೇಬಿಗೆ ಕಾಸು ಹೋಗುವುದನ್ನೂ ನಾವು ಕಂಡಿದ್ದೇವೆ. ಅಂಥ ಬೆಳಗಿನಲ್ಲಿ ಒಮ್ಮೆ ಡೈನಮೋ ತನ್ನ ಬಾಕ್ಸಿನ ಪಿನ್ನನ್ನು ಹಾಲಿನವನೊಬ್ಬನಿಗೆ ಕೊಟ್ಟ. ಅವನು ಅದಕ್ಕೆ ಬದಲಾಗಿ ಅರ್ಧ ಪಾವು ಹಾಲು ಹೊಯ್ಯಲು ಬಂದ, ಪಾತ್ರೆಯಿಲ್ಲದೆ ಇಬ್ಬರೂ ನಕ್ಕರು.

ದಸರೆಯಲ್ಲಿ ಮಾತ್ರ ಎಲ್ಲರೂ ಸಮ. ಜಂಬೂಸವಾರಿಯ ದಿನ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಬನ್ನಿಮಂಟಪದವರೆಗೆ ಹಗ್ಗ ಕಟ್ಟಿದರೆ ಸೈಕಲ್ಲಿಗೆ ಅತ್ತಲಿಂದಿತ್ತ ದಾರಿಯಿಲ್ಲ. ಊರು ಎರಡು ಹೋಳು. ಅಂಥ ಒಂದು ದಸರೆಯಲ್ಲಿ ದೇವರಾಜ ಮಾರ್ಕೆಟ್ಟಿನ ಹಿಂದೆ ಸೈಕಲ್ಲು ನಿಲ್ಲಿಸಿ, ಮೆರವಣಿಗೆ ನೋಡಿ, ಹಿಂದಿರುಗಿ ಬಂದಾಗ ಅಲ್ಲಿ ಒಂದೇ ಥರದ ಕರಿ ಸೈಕಲ್ಲುಗಳ ಸಮುದ್ರ. ಕತ್ತಲು ಬೇರೆ. ನಮ್ಮದನ್ನು ಹುಡುಕಿಕೊಟ್ಟದ್ದು ಬಿಲ್ಲೆ. ಕಡ್ಡಿ ಗೀರಿ ಗೀರಿ ಒಂದೊಂದು ನಂಬರನ್ನೂ ಓದುತ್ತಾ ಹೋದೆವು. ಆ ತಗಡಿಗೆ ಕಟ್ಟಿದ ಕಾಸು ಅವತ್ತೊಂದು ದಿನ ವಸೂಲಾಯಿತು.

ಕಾಲೇಜು ಮುಗಿಯುವ ಹೊತ್ತಿಗೆ ಊರಿನ ಸದ್ದು ಬದಲಾಗಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದಲೇ ಮೋಟಾರ್ ಬೈಕು ಮಾಡುತ್ತಿತ್ತು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಗೆ ಬರುತ್ತಿದ್ದುದು ಸೈಕಲ್ಲುಗಳ ದಂಡು. ದಿನವಿಡೀ ಬೈಕು ಜೋಡಿಸಿದವರು ಮನೆಗೆ ಹೋಗುತ್ತಿದ್ದುದು ಪೆಡಲು ತುಳಿದು. ಅವರಲ್ಲೊಬ್ಬರು ಡೈನಮೋನ ಮಾವ. ನಿವೃತ್ತರಾಗುವವರೆಗೂ ಸೈಕಲ್ಲನ್ನು ಬಿಡಲಿಲ್ಲ, "ಜಾವಾ ಮಾಡೋಕೆ ಬರುತ್ತೆ, ಕೊಳ್ಳೋಕೆ ಬರಲ್ಲ" ಎನ್ನುತ್ತಿದ್ದರು. 1972ರಲ್ಲಿ ಲೂನಾ ಬಂತು. ಪೆಡಲೂ ಇದೆ, ಎಂಜಿನ್ನೂ ಇದೆ. ಮೇಷ್ಟರುಗಳು, ಗುಮಾಸ್ತರುಗಳು ಒಬ್ಬೊಬ್ಬರಾಗಿ ಸೈಕಲ್ಲಿನಿಂದ ಇಳಿದರು. ಬಿಲ್ಲೆಯೂ ಆಮೇಲಾಮೇಲೆ ಕಾಣೆಯಾಯಿತು. ಯಾರೂ ಅದಕ್ಕಾಗಿ ಅಳಲಿಲ್ಲ, ನಾವಂತೂ ಅಳಲಿಲ್ಲ.

ಈಗ ಯೋಚಿಸಿದರೆ ಅಲ್ಲೇ ಏನೋ ಕೈತಪ್ಪಿತು ಅನ್ನಿಸುತ್ತದೆ. 1939ರ ಮೋಟಾರು ವಾಹನ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ 1988ರ ಕಾಯ್ದೆಯಾಗಲಿ ಹೆಸರೇ ಹೇಳುವಂತೆ ಮೋಟಾರಿಗೆ ಸೇರಿದ್ದು. ಸೈಕಲ್ಲಿನ ಶಿಸ್ತೆಲ್ಲ ಪೊಲೀಸ್ ಕಾಯ್ದೆ, ಪುರಸಭೆಯ ನಿಯಮಗಳ ಪಾಲಿಗೆ. ಹಿಡಿಯುವ ಪೇದೆ, ಬಿಲ್ಲೆ ಕೊಡುವ ಗುಮಾಸ್ತ, ದಂಡ ಹಾಕುವ ಮ್ಯಾಜಿಸ್ಟ್ರೇಟ್ ಎಲ್ಲರೂ ಊರಿನವರು, ಮುಖ ಕಂಡವರು. ಅವರು ನಮ್ಮನ್ನು ತಡೆದು ನಿಲ್ಲಿಸುತ್ತಿದ್ದರು ಎಂದರೆ ರಸ್ತೆಯಲ್ಲಿ ನಾವಿದ್ದೇವೆಂದು ಅವರಿಗೆ ಗೊತ್ತಿತ್ತು. ಈಗ ಸೈಕಲ್ಲಿನವನು ಎದುರುದಿಕ್ಕಿನಲ್ಲಿ ಬರಲಿ, ಕೆಂಪು ದೀಪ ದಾಟಲಿ, ಮೂವರನ್ನು ಕೂರಿಸಿಕೊಂಡು ಹೋಗಲಿ, ಸಿಗ್ನಲ್ಲಿನ ಕ್ಯಾಮೆರಾಕ್ಕೆ ಅವನ ಬೆನ್ನ ಮೇಲೆ ನಂಬರ್ ಪ್ಲೇಟು ಸಿಗುವುದಿಲ್ಲ. ದಂಡವಿಲ್ಲ, ಸರಿ. ಆದರೆ ರಿಂಗ್ ರೋಡಿನ ಎಡ ಅಂಚಿನಲ್ಲಿ ಅವನಿಗೆ ಒಂದು ಮೊಳ ಜಾಗವೂ ಇಲ್ಲ. 1988ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಯಂತ್ರವಿಲ್ಲದ ವಾಹನ ಮತ್ತು ಪಾದಚಾರಿಗಳಿಗಾಗಿ ರಾಜ್ಯಗಳು ನಿಯಮ ಮಾಡಬಹುದೆಂದು ಸೇರಿಸಿದರು. ಲಾಯರು ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದ, ದನಿಯಲ್ಲಿ ಹಳೆಯ ಮೊಕದ್ದಮೆ ಮತ್ತೆ ತೆರೆದ ಉತ್ಸಾಹವಿತ್ತು.

ಇದರ ನಡುವೆ 2017ರಲ್ಲಿ ನಮ್ಮ ಮೈಸೂರಿಗೆ ಬಾಡಿಗೆ ಸೈಕಲ್ಲು ಮರಳಿ ಬಂತು, ಟ್ರಿಣ್ ಟ್ರಿಣ್ ಎಂಬ ಹೆಸರಿನಲ್ಲಿ. ಊರಿನಲ್ಲೆಲ್ಲ ನಿಲ್ದಾಣ, ಕಾರ್ಡು ತೋರಿಸಿದರೆ ಬೀಗ ಬಿಡುವ ಸೈಕಲ್ಲು, ಒಟ್ಟು 450. ನಾನೂ ಡೈನಮೋನೂ ಮೊಮ್ಮಕ್ಕಳ ಮುಂದೆ ಧಿಮಾಕು ತೋರಿಸಲು ಹೋಗಿ ಒಂದೊಂದು ತೆಗೆದುಕೊಂಡೆವು. ಅವನು ಹತ್ತಿದ ಕೂಡಲೇ ಬಗ್ಗಿ ಹಿಂದಿನ ಚಕ್ರದಲ್ಲಿ ಏನನ್ನೋ ಹುಡುಕಿದ. ಏನೋ ಅಂದರೆ "ಏನಿಲ್ಲ, ಅಭ್ಯಾಸ" ಎಂದ.

ಹೋದ ಸಂಕ್ರಾಂತಿಗೆ ನಾಲ್ವರೂ ಉದ್ದನ ಮನೆಯಲ್ಲಿ ಸೇರಿದ್ದೆವು. ಅವನ ಮಗ ಇರುವುದು ನೆದರ್ಲೆಂಡಿನಲ್ಲಿ. ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುತ್ತಾನಂತೆ. ಅಲ್ಲಿ ರಾತ್ರಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು, ಇಲ್ಲದಿದ್ದರೆ ದಂಡ. ಆದರೆ ಕ್ಯಾರಿಯರಿನ ಮೇಲೆ ಒಬ್ಬರನ್ನು ಕೂರಿಸಿಕೊಂಡು ಹೋಗಲು ಅಡ್ಡಿಯಿಲ್ಲ. ಇಬ್ಬರು ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ತುಳಿಯಲೂ ಕಾನೂನೇ ಬಿಟ್ಟಿದೆ. ಇದನ್ನು ಕೇಳಿ ಉದ್ದ ನಿಜಕ್ಕೂ ನೊಂದುಕೊಂಡ. "ಹಂಗಾದ್ರೆ ನಾನು ತಪ್ಪು ದೇಶದಲ್ಲಿ ಡಬಲ್ ಹೋದೆ ಅನ್ನು" ಎಂದ. ಈಗ ಎಂಬತ್ತರ ಹತ್ತಿರವಿರುವ ಅಕ್ಕ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದವರು, "ದೀಪಾನಾದ್ರೂ ಹಚ್ಚಿದ್ರಾ ನೀವು? ಆ ದೇಶದಲ್ಲೂ ಹಿಡೀತಿದ್ರು" ಎಂದು ಒಳಗೆ ಹೋದರು.

ಲಾಯರು ಎಳ್ಳು ಅಗಿಯುತ್ತಾ ಗಂಭೀರವಾಗಿ ಶುರುಮಾಡಿದ. ಬರೀ ದಂಡ ಹಾಕುವಂಥ ಅಪರಾಧಕ್ಕೆ ಆರು ತಿಂಗಳ ಕಾಲಮಿತಿ, ಅದು ದಾಟಿದರೆ ಕೋರ್ಟು ಕೇಸನ್ನು ಮುಟ್ಟುವಂತಿಲ್ಲ, 2024ರವರೆಗೆ ಜಾರಿಯಲ್ಲಿದ್ದ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 468ನೇ ಸೆಕ್ಷನ್.

"ಅಲ್ಲಿಗೆ ನಾವು ಬಚಾವು" ಎಂದ ಡೈನಮೋ.

"ಇರಪ್ಪಾ, ಮುಗಿಸೋಕೆ ಬಿಡು. ಆ ಕೋಡು ಜಾರಿಗೆ ಬಂದದ್ದು 1974ರ ಏಪ್ರಿಲ್ ಒಂದಕ್ಕೆ. ನಮ್ಮ ಡಬಲ್ ರೈಡಿಂಗೆಲ್ಲಾ ಅದಕ್ಕಿಂತ ಮುಂಚೆ. ಆಗಿದ್ದದ್ದು 1898ರ ಹಳೇ ಕೋಡು. ಅದರಲ್ಲಿ ಇಂಥ ಕಾಲಮಿತೀನೇ ಇರ್ಲಿಲ್ಲ."

"ಅಂದ್ರೆ?"

"ಅಂದ್ರೆ ವಾದ ಮಾಡೋಕೆ ಜಾಗ ಇದೆ ಅಂತ."

ದಂಡ ಬಿದ್ದರೆ ಯಾರು ಕಟ್ಟಬೇಕು ಎಂಬುದು ಮುಂದಿನ ಪ್ರಶ್ನೆ. ಕ್ಯಾರಿಯರಿನ ಮೇಲೆ ಕೂತವನದು ತಪ್ಪಲ್ಲ, ಓಡಿಸಿದವನದು ಎಂದು ಉದ್ದ. ಕಾಲು ನೆಲಕ್ಕೆ ತಾಗುತ್ತಿದ್ದವನನ್ನು ಕೂತವನು ಎನ್ನುವುದೇ ಹೇಗೆ, ಅವನು ನಮ್ಮ ಜೊತೆ ನಡೆದುಕೊಂಡು ಬರುತ್ತಿದ್ದವನು, ಮೂಲತಃ ಅದು ಡಬಲ್ಲೇ ಅಲ್ಲ ಎಂದು ಡೈನಮೋ. ಈ ಅಂಶ ಹೊಸದು, ಇದನ್ನು ಐವತ್ತು ವರ್ಷ ಮೊದಲೇ ಹೇಳಿದ್ದರೆ ಅಷ್ಟೂ ವಾಲ್ವು ಪಿನ್ನಿನ ದುಡ್ಡು ಉಳಿಯುತ್ತಿತ್ತು ಎಂದು ಲಾಯರು ಬೈದ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದರು.